ಒಂದು ನಿಮಿಷದ ಓಟ

ಬಾಗಿಲ ಹೊರಗಿನ ಚಪ್ಪಲಿ ಗೂಡಿನಲ್ಲಿ ಶೂ ಇರಲಿಲ್ಲ. ಕೊ ಬಿಂಗ್-ಹಾನ್‌ಗೆ ಆ ಶನಿವಾರ ಕೆಟ್ಟದ್ದು ಅಲ್ಲಿಂದಲೇ.

ಅದು ಅಂತಿಂಥ ಶೂ ಅಲ್ಲ. ಬೇಸಗೆಯಲ್ಲಿ ಸೇತುವೆ ಹತ್ತಿ ಓಡುವಾಗ ಬಲಗಾಲಿನ ಮೀನಖಂಡ ಹರಿದುಕೊಂಡು, ನಾಲ್ಕು ತಿಂಗಳು ಮನೆಯಲ್ಲಿ ಕೂತು ಕೂತು ಸೋಫಾದ ಜೊತೆಗೇ ಸವೆದುಹೋದ ಮನುಷ್ಯ ಅವನು. ಮತ್ತೆ ಓಡುವ ದಿನಕ್ಕೆಂದು ಕಿತ್ತಳೆ ಬಣ್ಣದ ಹೊಸ ಜೋಡಿ ಕೊಂಡಿಟ್ಟಿದ್ದ. ಹಳೆಯದನ್ನು ಗಾಯವಾದ ದಿನವೇ ಸಿಟ್ಟಿನಲ್ಲಿ ಕಸಕ್ಕೆ ಎಸೆದಿದ್ದ. ಹೊಸದನ್ನು ನೆಲಕ್ಕೆ ತಾಗಿಸದೆ, ಆಗಾಗ ಡಬ್ಬದಿಂದ ತೆಗೆದು, ಒರೆಸಿ, ಮೂಸಿ, ಮತ್ತೆ ಒಳಗಿಡುತ್ತಿದ್ದ. ನಿನ್ನೆ ಸಂಜೆಯಷ್ಟೇ ಗೂಡಿಗೆ ತಂದಿಟ್ಟಿದ್ದ. ಯಾಕೆಂದರೆ ಕಾಲಿನ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಕೊನೆಗೂ ಅಪ್ಪಣೆ ಕೊಟ್ಟಿದ್ದರು.

"ಶನಿವಾರ ಸಂಜೆ ಒಂದು ನಿಮಿಷ ಓಡಿ. ನಿಧಾನಕ್ಕೆ. ಆಮೇಲೆ ನಡ್ಕೊಂಡು ಮನೆಗೆ ಹೋಗಿ."

"ಒಂದೇ ನಿಮಿಷಾನಾ?"

"ಜಾಸ್ತಿ ಆಯ್ತಾ? ಅರ್ಧ ಮಾಡೋಣ ಬೇಕಾದ್ರೆ. ನೋವು ಬಂತೋ, ಎಲ್ಲಾ ಮತ್ತೆ ಮೊದಲಿಂದ ಶುರು."

ಮತ್ತೆ ಮೊದಲಿಂದ ಎಂದರೆ ಮತ್ತೆ ಆ ಸೋಫಾ. ಅದನ್ನು ನೆನೆಸಿಕೊಂಡರೇ ಬಿಂಗ್-ಹಾನ್‌ಗೆ ಅಳು ಬರುತ್ತಿತ್ತು. ಹಾಗಂತ ಅವನೇನು ಸಾಧು ರೋಗಿಯಲ್ಲ. ಕಳೆದ ತಿಂಗಳು ಬರೀ ನಡಿಗೆ ಎಂದು ಹೇಳಿ ಹೊರಟವನು ಮೀನು ಮಾರುಕಟ್ಟೆಯವರೆಗೂ ಓಡಿಬಿಟ್ಟು, ಮೂಲಂಗಿಯಂತೆ ಊದಿದ ಕಾಲನ್ನು ಎಳೆದುಕೊಂಡು ಬಂದಿದ್ದ. ಆವತ್ತು ಕಾಲಿಗೆ ಮಂಜುಗಡ್ಡೆ ಇಟ್ಟ ಹೆಂಡತಿ ಪೇ-ಶಾನ್ ಆಮೇಲೆ ಎರಡು ದಿನ ಮಾತಾಡಿರಲಿಲ್ಲ.

ಈಗ ಅವಳು ಕೆಲಸಕ್ಕೆ ಹೋಗಿಯಾಗಿತ್ತು. ಫೋನಿನಲ್ಲಿ ಸಂದೇಶ ಕಳಿಸಿದ: "ನನ್ನ ಶೂ ನೋಡಿದ್ಯಾ?"

"ಸಂಜೆ ಬರ್ತೀನಿ. ಅಲ್ಲಿವರೆಗೂ ಸುಮ್ನೆ ಕೂತಿರು," ಎಂದು ಉತ್ತರ ಬಂತು.

ಸುಮ್ಮನೆ ಕೂತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನು ಕೆಳಗಿಳಿದು ಪಾನ್ ಅವರ ಬಳಿ ಹೋದ. ಪಾನ್ ನಮ್ಮ ವಾರ್ಡಿನ ಮುಖ್ಯಸ್ಥರು, ಜೊತೆಗೆ ಕೆಳಮಹಡಿಯಲ್ಲಿ ಗಿಡಮೂಲಿಕೆ ಔಷಧಿಯ ಅಂಗಡಿ. ಓಣಿಯ ಕಷ್ಟಕ್ಕೆ ಅವರ ಹತ್ತಿರ ಎರಡೇ ಪರಿಹಾರ. ಒಂದು, ನೋವಿಗೆ ಹಚ್ಚುವ ಕರೀ ಮದ್ದಿನ ಪ್ಲಾಸ್ಟರು. ಇನ್ನೊಂದು, ಧ್ವನಿವರ್ಧಕ. ಬಿಂಗ್-ಹಾನ್‌ಗೆ ಎರಡೂ ಸಿಕ್ಕವು.

"ಓಡೋದಾ? ಈ ಕಾಲಲ್ಲಾ? ಬೇಡಪ್ಪಾ ಬೇಡ," ಎನ್ನುತ್ತಲೇ ಪಾನ್ ಅವನ ಮೀನಖಂಡಕ್ಕೆ ಬಿಸಿ ಪ್ಲಾಸ್ಟರು ಮೆತ್ತಿದರು. ಅದರ ವಾಸನೆಗೆ ಅಂಗಡಿಯ ಬೆಕ್ಕು ಎದ್ದು ಹೊರಗೆ ಹೋಯಿತು. ಆಮೇಲೆ ಅವರು ಮೈಕು ಹಿಡಿದರು.

"ಗಮನಿಸಿ. ಮೂರನೇ ಮಹಡಿ ಕೊ ಅವರ ಶೂ ಕಾಣೆಯಾಗಿದೆ. ಕಿತ್ತಳೆ ಬಣ್ಣ. ಯಾವ ಕೊ ಅಂದ್ರೆ, ಆ ಕುಂಟೋ ಕೊ. ಸಿಕ್ಕಿದವರು ಬಾಗಿಲ ಹತ್ರ ಇಡಿ. ಹಾಗೇ ಹೂಕುಂಡದಲ್ಲಿ ನೀರು ನಿಲ್ಲಿಸಬೇಡಿ, ಡೆಂಗ್ಯೂ ಬರತ್ತೆ."

ತೈನಾನ್‌ನ ಅರ್ಧ ಊರಿಗೆ ಕೇಳಿಸಿರಬೇಕು. ಮಧ್ಯಾಹ್ನದ ಹೊತ್ತಿಗೆ ಅವನ ಬಾಗಿಲಲ್ಲಿ ಏಳೆಂಟು ಅನಾಥ ಶೂಗಳು ಬಂದು ಕೂತಿದ್ದವು. ಒಂದು ಮಳೆಗಾಲದ ಬೂಟು, ಒಂದು ಮಗುವಿನದು, ಒಂದರಲ್ಲಿ ಯಾರೋ ಹೂಗಿಡ ನೆಟ್ಟಿದ್ದರು. ತಂದವರೆಲ್ಲ ಬಾಗಿಲು ತಟ್ಟಿ, ಕಾಲು ಹೇಗಿದೆ ಎಂದು ಕೇಳಿ, ಓಡಬೇಡ ಎಂದು ಹೇಳಿಯೇ ಹೋದರು. ನಾಲ್ಕು ತಿಂಗಳಿಂದ ಇದೇ ಪ್ರಶ್ನೆಗೆ ಇದೇ ನಗು ನಕ್ಕು ಅವನ ದವಡೆ ನೋಯುತ್ತಿತ್ತು.

ಎದುರು ಮನೆಯ ಲ್ಯೆನ್ ಅಜ್ಜಿ ಶೂ ತರಲಿಲ್ಲ, ಪಾತ್ರೆ ತುಂಬ ಹಂದಿಕಾಲಿನ ಸಾರು ತಂದರು.

"ಕಾಲಿಗೆ ಕಾಲೇ ಮದ್ದು. ಕುಡಿ ಆ-ಹಾನ್. ಮೂಳೆ ಚೀಪಿ ನಂಗೆ ವಾಪಸ್ ಕೊಡು, ನಾನೇ ಕಸಕ್ಕೆ ಹಾಕ್ತೀನಿ."

"ಅಜ್ಜಿ, ನನ್ ಶೂ ಏನಾದ್ರೂ ನೋಡಿದ್ರಾ?"

ಅಜ್ಜಿ ಸೂರು ನೋಡಿದರು. "ಈ ವಯಸ್ಸಲ್ಲಿ ನನ್ ಚಪ್ಪಲಿ ನಂಗೆ ಕಾಣಲ್ಲ. ಸಾರು ಆರತ್ತೆ, ಕುಡಿ."

ಕುಡಿದ. ಮೂಳೆಗಳನ್ನು ಒಪ್ಪಿಸಿದ. ಹೊಟ್ಟೆ ಭಾರ, ಕಾಲಿನಲ್ಲಿ ಪ್ಲಾಸ್ಟರಿನ ಉರಿ. ಅಷ್ಟರಲ್ಲಿ ಪಾನ್ ಕರೆದರು, ಓಣಿಯ ಕ್ಯಾಮೆರಾ ನೋಡೋಣ ಬಾ ಎಂದು. ಅಂಗಡಿಯ ಪರದೆಯ ಮುಂದೆ ಪಾನ್, ಪಾನ್ ಅವರ ಹೆಂಡತಿ, ಕೆಮ್ಮಿಗೆ ಔಷಧಿ ಕೊಳ್ಳಲು ಬಂದಿದ್ದ ಮೂವರು, ಎಲ್ಲರೂ ಸ್ಟೂಲು ಹಾಕಿಕೊಂಡು ಕೂತಿದ್ದರು. ಪಾನ್ ಅವರಿಗೆ ಆ ಯಂತ್ರ ಸರಿಯಾಗಿ ಗೊತ್ತಿರಲಿಲ್ಲ. ನಿನ್ನೆಯದನ್ನು ಒತ್ತಲು ಹೋಗಿ ಹೋದ ವಾರದ್ದನ್ನು ಒತ್ತಿದರು. ದೀಪದ ಕಂಬದ ಕೆಳಗೆ ಒಬ್ಬ ಮನುಷ್ಯ ಅತ್ತ ಇತ್ತ ನೋಡಿ, ಜೇಬಿನಿಂದ ಕರಿದ ಕೋಳಿಯ ದೊಡ್ಡ ತುಂಡೊಂದನ್ನು ತೆಗೆದು, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದ. ಆಮೇಲೆ ಕುಂಟಿಕೊಂಡು ಹೋದ.

"ಇದು ನೀನೇ ಅಲ್ವಾ?" ಪಾನ್ ಅವರ ಹೆಂಡತಿ ಕೇಳಿದರು. "ಎಣ್ಣೆ ಪದಾರ್ಥ ಬಿಟ್ಟಿದಾನೆ ಅಂತ ಪೇ-ಶಾನ್ ಹೇಳ್ತಿದ್ಲು ಪಾಪ."

ಶೂ ಕಳ್ಳ ಸಿಗಲಿಲ್ಲ. ಬಿಂಗ್-ಹಾನ್ ಸಿಕ್ಕಿಬಿದ್ದ.

ಸಂಜೆಯಾಯಿತು. ಅವನಿಗೆ ಸಾಕಾಗಿಹೋಗಿತ್ತು. ಶೂ ಇಲ್ಲದಿದ್ದರೆ ಬೇಡ, ಆ ಒಂದು ನಿಮಿಷ ತನ್ನದು, ಅದನ್ನು ಬಿಡುವುದಿಲ್ಲ ಎಂದುಕೊಂಡು, ಮನೆಯಲ್ಲಿ ಹಾಕಿಕೊಳ್ಳುವ ನೀಲಿ-ಬಿಳಿ ರಬ್ಬರ್ ಚಪ್ಪಲಿಯಲ್ಲೇ ಕೆಳಗಿಳಿದ. ನದಿದಂಡೆಯವರೆಗೆ ಮೆಲ್ಲಗೆ ನಡೆದು ಅಲ್ಲಿ ಓಡುವುದು ಎಂಬ ಲೆಕ್ಕ. ಓಣಿಯ ಬಾಯಿಗೆ ಬರುವಷ್ಟರಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು.

ಕಸ ಇಲ್ಲಿ ಬೀದಿಯಲ್ಲಿಡುವ ಹಾಗಿಲ್ಲ. ಹಾಡು ಕೇಳಿದ ಕೂಡಲೇ ಮನೆಮನೆಯಿಂದ ಚೀಲ ಹಿಡಿದು ಓಡಿಬಂದು ನಾವೇ ಗಾಡಿಗೆ ಎಸೆಯಬೇಕು. ಸ್ವಲ್ಪ ಹೊತ್ತಿನಲ್ಲೇ ಓಣಿಗೆ ಓಣಿಯೇ ಎಸೆದು ಮುಗಿಸಿ ಹರಟೆಗೆ ನಿಂತಿತು. ಗಾಡಿ ಹೊರಟಿತು. ಆಗ ಲ್ಯೆನ್ ಅಜ್ಜಿ ಎರಡೂ ಕೈಯಲ್ಲಿ ಒಂದೊಂದು ಚೀಲ ಹಿಡಿದು, ಮಂಡಿ ನೋವಿನಲ್ಲಿ ಅಡ್ಡಡ್ಡ ಹೆಜ್ಜೆ ಹಾಕುತ್ತ ಬಂದರು.

"ಆ-ಹಾನ್, ಹಿಡಿ ಇದನ್ನ, ಎಸೆದು ಬಾ. ನಾಳೆ ಭಾನುವಾರ, ಗಾಡಿ ಬರಲ್ಲ."

ಅವನು ಇನ್ನೊಂದಕ್ಕೂ ಕೈ ಚಾಚಿದ.

"ಇದು ಬೇಡ. ಇದು ಬೇರೆ. ಓಡು ನೀನು."

ಬೆಳಗ್ಗಿಂದ ಓಡಬೇಡ ಎನ್ನುತ್ತಿದ್ದ ಓಣಿ ಈಗ ಒಂದೇ ದನಿಯಲ್ಲಿ ಓಡು ಓಡು ಅಂತು.

ಬಿಂಗ್-ಹಾನ್ ಓಡಿದ. ಮೊದಲ ನಾಲ್ಕು ಹೆಜ್ಜೆ ಪ್ರಾಣ ಕೈಯಲ್ಲಿ ಹಿಡಿದು ಇಟ್ಟ. ನೋಯಲಿಲ್ಲ. ಐದನೆಯದೂ ನೋಯಲಿಲ್ಲ. ಒಂಟಿ ಮುದುಕಿಯ ಕಸ, ಹಗುರವಾಗಿಯೇ ಇತ್ತು. ಚಪ್ಪಲಿ ಪಟಪಟ ಎನ್ನುತ್ತಿತ್ತು, ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಎದೆಯೊಳಗೆ ಬಹಳ ದಿನದಿಂದ ಮುದುಡಿಕೊಂಡಿದ್ದ ಏನೋ ಒಂದು ಮೈಮುರಿದು ಎದ್ದಿತು. ಅವನಿಗೆ ತುಂಬ ಸಂತೋಷವಾಯಿತು. ತಿರುಗಿ ನೋಡಿದರೆ ಓಣಿಯೆಲ್ಲ ಎರಡೂ ಕೈ ಎತ್ತಿ ಬೀಸುತ್ತಿತ್ತು. ಎಲ್ಲರಿಗಿಂತ ಮುಂದೆ ಲ್ಯೆನ್ ಅಜ್ಜಿ, ಬಾಯಿ ದೊಡ್ಡದು ಮಾಡಿ ಏನೋ ಕೂಗುತ್ತಿದ್ದರು. ಗಾಡಿಯ ಹಾಡಿನಲ್ಲಿ ಒಂದೂ ಕೇಳಿಸಲಿಲ್ಲ. ನಾಲ್ಕು ತಿಂಗಳು ಅಯ್ಯೋ ಪಾಪ ಎಂದವರು ಇವತ್ತು ಹುರಿದುಂಬಿಸುತ್ತಿದ್ದಾರೆ ಎಂದು ಅವನ ಕಣ್ಣು ಒದ್ದೆಯಾಯಿತು. ಇನ್ನಷ್ಟು ಜೋರಾಗಿ ಓಡಿ, ತಿರುವಿನಲ್ಲಿ ಗಾಡಿ ಹಿಡಿದು, ಚೀಲವನ್ನು ಬೀಸಿ ಎಸೆದ. ಅದು ಹೋಗಿ ಸರಿಯಾಗಿ ಯಂತ್ರದ ಬಾಯೊಳಗೆ ಬಿತ್ತು. ಯಂತ್ರ ಅದನ್ನು ಹಿಸುಕಿ ಒಳಗೆಳೆದುಕೊಂಡಿತು.

ಡಾಕ್ಟರಮ್ಮ ಹೇಳಿದಂತೆ ನಡೆದುಕೊಂಡು ವಾಪಸ್ ಬಂದ. ಪೇ-ಶಾನ್ ಆಗಷ್ಟೇ ಸ್ಕೂಟರಿನಿಂದ ಇಳಿದಿದ್ದಳು.

"ಓಡಿದ್ಯಾ?"

"ಓಡ್ದೆ."

"ಕಾಲು?"

"ಏನೂ ಆಗ್ಲಿಲ್ಲ. ಒಂಚೂರೂ ನೋವಿಲ್ಲ ಕಣೆ."

ಅವಳು ಅವನ ಮುಖ ನೋಡಿ ನಕ್ಕಳು. "ನೀನು ಮತ್ತೆ ಮೀನು ಮಾರ್ಕೆಟ್‌ವರೆಗೂ ಓಡ್ತೀಯ ಅಂತ ಹೆದರಿಕೆ ನಂಗೆ. ಅದಕ್ಕೇ ಶೂ ಬಚ್ಚಿಟ್ಟಿದ್ದೆ. ನಾನೇ ಪಕ್ಕದಲ್ಲಿ ನಿಂತು ಒಂದು ನಿಮಿಷ ಲೆಕ್ಕ ಹಿಡಿದು ಓಡಿಸೋಣ ಅಂತಿದ್ದೆ. ನೀನು ಎಲ್ಲಾ ಕಡೆ ಹುಡುಕ್ತೀಯ, ಕಸದ ಚೀಲ ಮಾತ್ರ ಬಿಚ್ಚಲ್ಲ ಅಂತ, ಅದ್ರಲ್ಲೇ ಹಾಕಿ ಅಜ್ಜಿ ಕೈಗೆ ಕೊಟ್ಟೆ. ಅಜ್ಜಿ, ಎಲ್ಲಿ, ಕೊಡಿ."

ಲ್ಯೆನ್ ಅಜ್ಜಿ ಕೈಯಲ್ಲಿ ಉಳಿದಿದ್ದ ಚೀಲವನ್ನು ಎದೆಗೆ ಅವಚಿಕೊಂಡರು.

"ನೀನು ಬಂದ್ರೆ ಕೊಡೋಣ ಅಂತ ಅದನ್ನೂ ಕಸದ ಜೊತೆ ಕೆಳಗೆ ತಂದೆ, ಎರಡೂ ಒಂದೇ ಬಣ್ಣ ನೋಡು," ಎಂದರು ಮೆಲ್ಲಗೆ. "ನಿಲ್ಲು ನಿಲ್ಲು ಅಂತ ಎಷ್ಟು ಕೂಗ್ದೆ. ಎಲ್ರೂ ಕೈ ಬೀಸಿದ್ರು. ಇವನು ನೋಡಿದ್ರೆ ಇನ್ನೂ ಜೋರಾಗಿ ಓಡ್ದ."

ಬಿಂಗ್-ಹಾನ್ ತನ್ನ ಚಪ್ಪಲಿ ನೋಡಿಕೊಂಡ. ದೂರದ ಬೀದಿಯಲ್ಲಿ ಗಾಡಿಯ ಹಾಡು ಮತ್ತೆ ಶುರುವಾಯಿತು.

"ಶಾಲೆ ಹತ್ರ ನಿಂತಿರ್ಬೇಕು," ಲ್ಯೆನ್ ಅಜ್ಜಿ ಚೀಲ ಮುಂದೆ ಚಾಚಿದರು. "ಆ-ಹಾನ್, ಇದು ನೀನೇ ಚೀಪಿದ ಮೂಳೆ. ಸೋಮವಾರದವರೆಗೂ ಇಟ್ಕೊಂಡ್ರೆ ನಾರತ್ತೆ. ಹೇಗೂ ಕಾಲು ಸರಿಹೋಯ್ತಲ್ಲ."

"ಅವನ ಒಂದು ನಿಮಿಷ ಮುಗೀತು," ಎಂದಳು ಪೇ-ಶಾನ್. "ನಡ್ಕೊಂಡೇ ಹೋಗು."

ಅವನು ಚೀಲ ತೆಗೆದುಕೊಂಡು ಹೊರಟ. ಅವಳ ಕಣ್ಣಿಗೆ ಕಾಣುವವರೆಗೂ ನಡೆದೇ ಹೋದ. ತಿರುವು ದಾಟಿದ ಮೇಲೆ ಚಪ್ಪಲಿಯ ಪಟಪಟ ಸದ್ದು ಶುರುವಾಯಿತು, ಜೋರಾಯಿತು, ಇನ್ನೂ ಜೋರಾಯಿತು. ಆಮೇಲೆ ಒಂದೇ ಸಲಕ್ಕೆ ನಿಂತಿತು. "ಅಮ್ಮಾ" ಎಂದು ಒಂದು ಕ್ಷೀಣವಾದ ದನಿ ಬಂತು.

ಪಾನ್ ಪ್ಲಾಸ್ಟರು ಬಿಸಿಮಾಡಲು ಒಳಗೆ ಹೋದರು. ಲ್ಯೆನ್ ಅಜ್ಜಿ ಪೇ-ಶಾನ್ ಕಡೆ ತಿರುಗಿ, ನಾಳೆ ಸಂತೆಯಿಂದ ಒಂದು ಹಂದಿಕಾಲು ತರಲಾ, ಎರಡು ತರಲಾ ಎಂದು ಕೇಳಿದರು.