ನನ್ನ ಹೆಸರಿನ ಕಾರು

ಧೈರ್ಯವಂತರಿಗೆ ಇಂಥದ್ದೆಲ್ಲ ಯಾಕೆ ಆಗುವುದಿಲ್ಲವೋ ನನಗೆ ಗೊತ್ತಿಲ್ಲ. ಬೆಕ್ಕು ಎದುರು ಬಂದರೂ ದಾರಿ ಬಿಟ್ಟು ನಿಲ್ಲುವ ನನ್ನಂಥ ಪುಕ್ಕಲನ ಮನೆಯನ್ನೇ ಹೆದರಿಕೆ ವಿಳಾಸ ಕೇಳಿಕೊಂಡು ಬರುತ್ತದೆ. ಎಂಬತ್ತರ ದಶಕದ ಮೊದಮೊದಲಲ್ಲಿ, ನಾವು ಬಹ್ರೇನಿನ ಹೂರಾದಲ್ಲಿ ಒಂದು ಹಳೆಯ ಬಾಡಿಗೆ ಮನೆಯಲ್ಲಿದ್ದಾಗ, ಅದು ಎಂಟು ಸಿಲಿಂಡರಿನ ಕಾರಾಗಿ ಬಂತು.

ತಂದವರು ನನ್ನ ಹೆಂಡತಿಯ ಅಣ್ಣ. ನಮ್ಮ ಮಂಗಳೂರು ಕಡೆಯ ರೂಢಿಯಂತೆ ಅವರು ನನ್ನನ್ನೂ ನಾನು ಅವರನ್ನೂ ಭಾವ ಎಂದೇ ಕರೆಯುವುದು. ಅವರದು ಏರ್‌ಕಂಡೀಷನ್ ರಿಪೇರಿಯ ಕೆಲಸ. ತಂಪು ಮಾಡುವ ಯಂತ್ರ ಬಿಚ್ಚಲು ಬರುವವನಿಗೆ ಓಡುವ ಯಂತ್ರ ಬಿಚ್ಚಲು ಬಾರದೇ ಎಂಬುದು ಅವರ ವಾದ. ದೇಶ ಬಿಟ್ಟು ಹೊರಟ ಅಮೆರಿಕನ್ ಒಬ್ಬನಿಂದ ಅವರು ಕೊಂಡ ಆ ಕಾರಿಗೆ ಎರಡೇ ಬಾಗಿಲು, ಉದ್ದನೆಯ ಮೂತಿ, ಹನ್ನೆರಡು ವರ್ಷ ಪ್ರಾಯ. ಅದನ್ನು ಮನೆಯಂಗಳದಲ್ಲೇ ಬಿಚ್ಚಿ, ಜೋಡಿಸಿ, ಹೊಸದರಲ್ಲಿ ಓಡಿದ್ದಕ್ಕಿಂತ ಜೋರಾಗಿ ಓಡಿಸಬೇಕೆಂಬುದು ಭಾವನ ಆಸೆ. ಆದರೆ ಅವರಿಗೆ ಲೈಸೆನ್ಸ್ ಇರಲಿಲ್ಲ. ಅವರು ಪರೀಕ್ಷೆಗೆ ಹೋದಾಗಲೆಲ್ಲ ಪಕ್ಕದಲ್ಲಿ ಕುಳಿತ ಅಧಿಕಾರಿ ಅರ್ಧ ದಾರಿಯಲ್ಲೇ ಇಳಿದು ನಡೆದುಬಿಡುತ್ತಿದ್ದ. ಸೈಕಲ್ಲಿಗಿಂತ ನಿಧಾನ ಓಡಿಸಿ ಮೊದಲ ಸಲಕ್ಕೇ ಪಾಸಾದವನು ನಾನು. ಹಾಗಾಗಿ ಕಾರು ನನ್ನ ಹೆಸರಿಗೆ ಆಗಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು.

ನನಗೆ ಒಂದು ಹಳೆಯ ಮಾತು ನೆನಪಾಯಿತು. ನಾನು ಗುಮಾಸ್ತನಾಗಿದ್ದ ಕಂಪನಿಯ ಯಜಮಾನರು, ನನ್ನ ವೀಸಾ ಯಾರ ಕೈಯಲ್ಲಿತ್ತೋ ಆ ಅರಬಾಬರು, ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು: "ಒಂದು ಪೊಲೀಸ್ ಕೇಸ್ ಆಯಿತೋ, ಖಲ್ಲಾಸ್. ಮಾರನೇ ದಿನ ಬೊಂಬಾಯಿ ವಿಮಾನ."

ಇದನ್ನು ಹೆಂಡತಿಗೆ ಹೇಳಿದೆ. ಅವಳು ಮೀನು ಉಜ್ಜುತ್ತಾ, "ಹೆಸರು ಕೊಟ್ಟರೆ ಎಂತ ಸವೆದು ಹೋಗ್ತದಾ?" ಎಂದಳು.

ಉಳಿದ ಎರಡು

ಮೊದಲು ಕಾರ್ಬುರೇಟರ್ ಕೆಳಗಿಳಿಯಿತು. ಅಂಗಳದಲ್ಲಿ ಮರಳು ಗಾಳಿ ಎಂದು ಭಾವ ಅದನ್ನು ಅಡುಗೆಮನೆಯ ಮೇಜಿಗೆ ತಂದು, ಹಳೇ ಪೇಪರ್ ಹಾಸಿ, ಬಿಚ್ಚಿ ಹರಡಿದರು. ಇಡ್ಲಿ ಪಾತ್ರೆಗೆ ಸೀಮೆಎಣ್ಣೆ ಸುರಿದು ಅದರಲ್ಲಿ ಎಲ್ಲವನ್ನೂ ತೊಳೆದರು. ಹೆಂಡತಿಯೂ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಮಿಕ್ಸಿಯ ಅಡಿ ಬಿಚ್ಚಿಕೊಂಡು, ಒಳಗೆ ಇಳಿದಿದ್ದ ತೆಂಗಿನಕಾಯಿ ಮಸಾಲೆ ತೆಗೆಯುತ್ತಿದ್ದಳು. ಅಣ್ಣ ತಂಗಿ ಊರಿನ ಸುದ್ದಿ ಮಾತಾಡುತ್ತಾ ತಮ್ಮ ತಮ್ಮ ಯಂತ್ರ ಜೋಡಿಸಿ ಎದ್ದರು. ಮೇಜಿನ ಮೇಲೆ ಎರಡು ಸ್ಕ್ರೂ ಉಳಿದವು.

"ಭಾವ, ಇದು?" ಎಂದೆ.

"ಅದು ಎಕ್ಸ್‌ಟ್ರಾ. ಅಮೆರಿಕದವರು ಯಾವಾಗಲೂ ಎರಡು ಹೆಚ್ಚೇ ಹಾಕುದು."

ಒಂದು ವಾರ ಆ ಎರಡು ಸ್ಕ್ರೂಗಳನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಆಫೀಸಿಗೆ ಕಾರು ಓಡಿಸಿದೆ. ಎಲ್ಲಿ ಕಟಕಟ ಎಂದರೂ ಕೊರಳಿನ ಜಪಮಾಲೆಗೆ ಕೈ ಹೋಗುತ್ತಿತ್ತು. ನಡುರಸ್ತೆಯಲ್ಲಿ ಎಂಜಿನ್ ಕಳಚಿ ಬಿದ್ದು, ಹಿಂದಿನವರು ಅದರ ಮೇಲೆ ಹತ್ತಿ, ಪೊಲೀಸರು ಬಂದು, ನನ್ನ ಹೆಸರು ಓದಿ... ಅಲ್ಲಿಂದ ಮುಂದೆ ಯೋಚಿಸಲು ಆಗುತ್ತಿರಲಿಲ್ಲ.

ಎಂಟನೇ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವು ಜೇಬಿನಿಂದ ತಟ್ಟೆಯ ಪಕ್ಕ ಬಿದ್ದವು. ಹೆಂಡತಿ ಎತ್ತಿ ನೋಡಿ, "ಅಯ್ಯೋ, ಇದು ನನ್ನ ಮಿಕ್ಸಿಯದ್ದಲ್ವಾ!" ಎಂದಳು.

ನನ್ನ ಎದೆಯ ಮೇಲಿನ ಭಾರವೆಲ್ಲ ಇಳಿದು ಹೋಯಿತು. ಒಂದು ವಾರದಲ್ಲಿ ಮೊದಲ ಬಾರಿಗೆ ನಕ್ಕೆ. ಇನ್ನೆರಡು ಸೌಟು ಸಾರು ಹಾಕಿಸಿಕೊಂಡೆ. ಕೈ ತೊಳೆಯುವಾಗ ಅಡುಗೆಮನೆಯಲ್ಲಿ ಮಿಕ್ಸಿ ಗುರ್ರೆಂದು ತಿರುಗುವುದು ಕೇಳಿಸಿತು. ಹೋಗಿ ಬಗ್ಗಿ ನೋಡಿದೆ. ಅದರ ಅಡಿಯಲ್ಲಿ ಒಂದು ಸ್ಕ್ರೂ ಕೂಡ ಕಮ್ಮಿ ಇರಲಿಲ್ಲ.

ಸುತ್ತು

ಮಿಕ್ಸಿಯೊಳಗೆ ಸೇರಿದ್ದ ಕಾರಿನ ಸ್ಕ್ರೂಗಳು ಕಾರಿಗೂ ನನ್ನ ಜೇಬಿನವು ಮಿಕ್ಸಿಗೂ ವಾಪಸಾದ ಮೇಲೆ ಭಾವನ ಕಣ್ಣು ಆಕ್ಸಿಲರೇಟರಿನ ಮೇಲೆ ಬಿತ್ತು. ಪೆಡಲ್ ಬಹಳ ಗಟ್ಟಿ, ಒತ್ತಲು ಹಿತವಾಗಿಲ್ಲ ಎಂದು, ಕಾಲೆತ್ತಿದಾಗ ಅದನ್ನು ವಾಪಸು ಎಳೆಯುವ ಸ್ಪ್ರಿಂಗ್ ತೆಗೆದು, ಯಾವುದೋ ಹಳೆಯ ಏರ್‌ಕಂಡೀಷನ್ನಿನ ಮೆದು ಸ್ಪ್ರಿಂಗ್ ಹಾಕಿದರು. ಪೆಡಲ್ ಬೆಣ್ಣೆಯಂತಾಯಿತು. ಕೆಳಗೆ ಹೋದದ್ದು ಮೇಲೆ ಬರಲಿಲ್ಲ.

ಅದು ಗೊತ್ತಾದದ್ದು ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ದೊಡ್ಡ ರೌಂಡೆಬೌಟಿಗೆ ಪ್ರವೇಶಿಸಿದ ಮೇಲೆ. ಕಾಲು ತೆಗೆದರೂ ಕಾರು ಓಡುತ್ತಲೇ ಇತ್ತು. ನೇರ ರಸ್ತೆಗೆ ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತೇನೋ ಎಂಬ ಭಯಕ್ಕೆ ಸುತ್ತುವುದೇ ಕ್ಷೇಮವೆಂದು ಸುತ್ತತೊಡಗಿದೆ. ಕೀ ತಿರುಗಿಸಿ ಎಂಜಿನ್ ಆರಿಸಬಹುದಿತ್ತು, ಹೌದು. ಆದರೆ ನನ್ನ ಎರಡೂ ಕೈಗಳು ಸ್ಟಿಯರಿಂಗನ್ನು ಹಿಡಿದುಕೊಂಡಿದ್ದವು, ನಾನು ಹೇಳಿದರೂ ಬಿಡುತ್ತಿರಲಿಲ್ಲ.

"ಭಾವ! ಖಲ್ಲಾಸ್!" ಎಂದು ಕೂಗಿದೆ. ಭಾವ ತಲೆಯನ್ನು ನನ್ನ ಕಾಲಬುಡಕ್ಕೆ ತೂರಿಸಿ, ಕಾಲೆರಡನ್ನೂ ಆಚೆ ಕಿಟಕಿಗೆ ಒರಗಿಸಿ, ಕೈಯಿಂದ ಪೆಡಲ್ ಎಳೆಯತೊಡಗಿದರು. ಆರನೇ ಸುತ್ತಿಗೆ ಅದು ಮೇಲೆ ಬಂತು. ಕಾರು ನಿಂತದ್ದು ಅಲ್ಲೇ ಬದಿಯಲ್ಲಿದ್ದ ಟ್ರಾಫಿಕ್ ಪೊಲೀಸನ ಮೊಣಕಾಲಿನ ಹತ್ತಿರ.

ಅವನು ಕಿಟಕಿಗೆ ಬಗ್ಗಿದ. ನಾನು ಮನಸ್ಸಿನಲ್ಲೇ ಸೂಟ್‌ಕೇಸ್ ಕಟ್ಟಿಯಾಗಿತ್ತು. ಅವನು ಬಹಳ ಮರ್ಯಾದೆಯಿಂದ ಹಿಂದಿಯಲ್ಲಿ, "ದಾರಿ ತಪ್ಪಿತಾ? ಈಸಾ ಟೌನಿಗಾ?" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಬೇರೆ ಗಾಡಿಗಳನ್ನು ನಿಲ್ಲಿಸಿ, ಕೈ ತೋರಿಸಿ, ನಮ್ಮನ್ನು ಬೀಳ್ಕೊಟ್ಟ.

ನಮ್ಮ ಮನೆ ಅದರ ವಿರುದ್ಧ ದಿಕ್ಕಿಗಿತ್ತು. ಆದರೆ ಪೊಲೀಸ್ ತೋರಿಸಿದ ದಾರಿಯನ್ನು ಬಿಡುವ ಧೈರ್ಯ ಯಾರಿಗಿದೆ? ಪೆಡಲಿಗೆ ಹಗ್ಗ ಕಟ್ಟಿ ಭಾವ ಎಳೆಯುತ್ತಾ, ನಾನು ತಿರುಗಿಸುತ್ತಾ, ಯಾವ ಕೆಲಸವೂ ಇಲ್ಲದ ಈಸಾ ಟೌನಿಗೆ ಹೋಗಿ, ಅಲ್ಲಿ ಒಂದು ಚಹಾ ಕುಡಿದು ಬಂದೆವು.

ಫಿರಂಗಿ

ರಂಜಾನ್ ತಿಂಗಳು. ಸಂಜೆ ಹೊತ್ತು ಮುಳುಗಿದ ಕೂಡಲೇ ಫಿರಂಗಿ ಹಾರಿಸುತ್ತಾರೆ, ಅದರ ಶಬ್ದ ಕೇಳಿ ಜನ ಉಪವಾಸ ಬಿಡುತ್ತಾರೆ. ನಮ್ಮ ಓಣಿಯಲ್ಲಿ ಎಲ್ಲರೂ ಖರ್ಜೂರ, ನೀರು ಎದುರಿಗಿಟ್ಟುಕೊಂಡು ಕಿವಿ ತೆರೆದು ಕೂತಿರುವ ಹೊತ್ತು ಅದು. ಅದೇ ಹೊತ್ತಿಗೆ ಭಾವ ಎಂಜಿನ್ನಿನ ಟೈಮಿಂಗ್ ಸರಿಮಾಡುತ್ತಿದ್ದರು. ಕಿಡಿ ಯಾವ ಕ್ಷಣಕ್ಕೆ ಬೀಳಬೇಕೆಂದು ನೋಡುವ ಉಪಕರಣ ಅವರಲ್ಲಿರಲಿಲ್ಲ. ಕಿವಿಯಿಂದಲೇ ನೋಡುತ್ತೇನೆ ಎಂದರು.

"ಸ್ವಲ್ಪ ಹಿಂದೆ... ಇನ್ನೂ ಸ್ವಲ್ಪ... ಈಗ ಒತ್ತಿ ಭಾವ!"

ಒತ್ತಿದೆ. ಢಮ್ ಎಂದಿತು. ಹಿಂದಿನ ಪೈಪಿನಿಂದ ಬೆಂಕಿ, ಹೊಗೆ. ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದವು. ಆಮೇಲೆ ಓಣಿಯ ಎಲ್ಲ ಮನೆಗಳಿಂದ ಲೋಟ ತಟ್ಟೆಗಳ ಸದ್ದು ಕೇಳಿಬಂತು. ನಾನು ಗಡಿಯಾರ ನೋಡಿಕೊಂಡೆ. ಸೂರ್ಯ ಮುಳುಗಲು ಇನ್ನೂ ನಾಲ್ಕು ನಿಮಿಷವಿತ್ತು.

ಅಂಥ ಭಯ ನಾನು ಜನ್ಮದಲ್ಲಿ ಪಟ್ಟಿಲ್ಲ. ಹದಿನಾಲ್ಕು ಮನೆಗಳ ಉಪವಾಸ, ನನ್ನ ಹೆಸರಿನ ಕಾರು! ಕಾರಿನಿಂದ ಇಳಿಯದೆ ಕುಳಿತೇ ಇದ್ದೆ. ಎದುರು ಮನೆಯ ಮುದುಕ ಹಾಜಿ ಬಾಗಿಲು ತೆರೆದು ಹೊರಗೆ ಬಂದರು. ಒಂದು ಕೆನ್ನೆ ಉಬ್ಬಿತ್ತು. ನನ್ನನ್ನು ನೋಡಿದರು, ಹೊಗೆ ನೋಡಿದರು, ಆಕಾಶ ನೋಡಿದರು. ಅಷ್ಟರಲ್ಲಿ ದೂರದಲ್ಲಿ ನಿಜವಾದ ಫಿರಂಗಿ ಹಾರಿತು. ಹಾಜಿ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಜಗಿದು ನುಂಗಿ, ಬೀಜವನ್ನು ಕೈಗೆ ತೆಗೆದುಕೊಂಡು, "ನಾನು ಗೊತ್ತಿಲ್ಲದೆ ಬಾಯಿಗೆ ಹಾಕಿದೆ, ದೇವರು ನನ್ನನ್ನು ಕ್ಷಮಿಸುತ್ತಾನೆ. ನಿಮ್ಮಿಬ್ಬರ ವಿಷಯ ಅವನಿಗೆ ಬಿಟ್ಟದ್ದು," ಎಂದು ಒಳಗೆ ಹೋದರು. ಹತ್ತು ನಿಮಿಷದಲ್ಲಿ ಅವರ ಮನೆಯಿಂದಲೇ ನಮಗೆ ಗೋಧಿ, ಮಾಂಸ ಬೇಯಿಸಿ ಕಡೆದ ಹರೀಸ್ ಒಂದು ಬಟ್ಟಲು ಬಂತು. ನಾಚಿಕೆಯಿಂದ ನಾನು ಅದನ್ನು ಮುಟ್ಟಲಿಲ್ಲ. ಭಾವ ಎರಡು ಪಾಲೂ ತಿಂದರು.

ಮರುದಿನದಿಂದ ಆ ಓಣಿಯಲ್ಲಿ ಫಿರಂಗಿ ಹಾರಿದರೂ ಯಾರೂ ಖರ್ಜೂರ ಮುಟ್ಟುತ್ತಿರಲಿಲ್ಲ. ಮೊದಲು ಕಿಟಕಿಯಿಂದ ಇಣುಕಿ, ನಮ್ಮ ಕಾರಿನ ಬಾನೆಟ್ ಮುಚ್ಚಿದೆಯೇ ಎಂದು ನೋಡುತ್ತಿದ್ದರು.

ನಾರು

ವರ್ಷಕ್ಕೊಮ್ಮೆ ಕಾರನ್ನು ಸರಕಾರಿ ತಪಾಸಣೆಗೆ ಒಯ್ಯಬೇಕು. ನನ್ನ ಹೆಸರಿಗೆ ಕರೆ ಬಂದಾಗ ಭಾವ ಸೈಲೆನ್ಸರ್ ಎರಡನ್ನೂ ಕಿತ್ತು ಗುಜರಿಗೆ ಹಾಕಿ, ನೇರ ಪೈಪ್ ಕೂರಿಸಿ ಒಂದು ತಿಂಗಳಾಗಿತ್ತು. ಕಾರು ಸ್ಟಾರ್ಟ್ ಮಾಡಿದರೆ ಕಪಾಟಿನಲ್ಲಿದ್ದ ಪಿಂಗಾಣಿ ಕುಣಿಯುತ್ತಿತ್ತು.

"ಈ ಶಬ್ದಕ್ಕೆ ಅವರು ನನ್ನನ್ನು ಹಿಡಿದು ಹಾಕ್ತಾರೆ," ಎಂದೆ.

"ಹೆದರುದೆಂತಕ್ಕೆ? ಶಬ್ದ ಕುಡಿಯುವ ವಸ್ತು ಮನೆಯಲ್ಲೇ ಉಂಟಲ್ಲ," ಎಂದು ಭಾವ, ತಂಗಿ ಪಾತ್ರೆ ಉಜ್ಜಲು ಕೂಡಿಟ್ಟಿದ್ದ ತೆಂಗಿನ ನಾರನ್ನೆಲ್ಲ ತಂದು ಎರಡೂ ಪೈಪಿನೊಳಗೆ ಸಡಿಲವಾಗಿ ತುರುಕಿದರು. ನಿಜಕ್ಕೂ ಕಾರು ಮೃದುವಾಗಿ ಗುನುಗಿತು. ಭಾವನ ಬುದ್ಧಿಗೆ ನಾನೇ ತಲೆದೂಗಿದೆ.

ತಪಾಸಣೆಯ ಸಾಲಿನಲ್ಲಿ ಎಂಜಿನ್ ಆರಿಸದೆ ಅರ್ಧ ಗಂಟೆ ನಿಂತೆ. ಒಳ್ಳೆಯ ಪರಿಮಳವೊಂದು ಬಂತು. ಊರಿನಲ್ಲಿ ಬಚ್ಚಲೊಲೆ ಹೊತ್ತಿಸಿದಾಗ ಬರುತ್ತಿದ್ದ ವಾಸನೆ. ಅಮ್ಮನ ನೆನಪಾಯಿತು, ಬಿಸಿನೀರಿನ ಹಂಡೆ ನೆನಪಾಯಿತು. ಆಮೇಲೆ ಕನ್ನಡಿಯಲ್ಲಿ ಹಿಂದೆ ನೋಡಿದೆ. ಇಲ್ಲಿ ಬಚ್ಚಲೊಲೆ ಎಲ್ಲಿಂದ ಬರಬೇಕು?

ಇಳಿದು ಓಡಬೇಕೆಂದುಕೊಳ್ಳುವಷ್ಟರಲ್ಲಿ ಇನ್‌ಸ್ಪೆಕ್ಟರ್ ಹತ್ತಿರ ಬಂದು, "ರೇಸ್ ಕೊಡು," ಎಂದರು. ಕೊಟ್ಟೆ. ಎರಡು ಪೈಪಿನಿಂದ ಎರಡು ಬೆಂಕಿ ಉಂಡೆ ಹಾರಿ, ಉರುಳುತ್ತಾ ಹಿಂದಿನ ಸಾಲಿಗೆ ಹೋದವು. ಜನ ಚದುರಿದರು. ಒಬ್ಬ ಮರಳಿನ ಬಕೆಟ್ ತಂದು ಸುರಿದ. ಅದಾದ ಮೇಲೆ ಕಾರು ತನ್ನ ನಿಜವಾದ ಧ್ವನಿಯಲ್ಲಿ ಗರ್ಜಿಸತೊಡಗಿತು.

"ಏನಿದು?" ಎಂದರು ಇನ್‌ಸ್ಪೆಕ್ಟರ್.

ಹೆದರಿದಾಗ ನನ್ನ ಬಾಯಿಗೆ ಸುಳ್ಳು ಬರುವುದಿಲ್ಲ. "ತೆಂಗಿನಕಾಯಿ ಸಾರ್," ಎಂದೆ.

ಅವರು ಕಾಗದದ ಮೇಲೆ ಬರೆಯತೊಡಗಿದರು. ನನಗೆ ವಿಮಾನದ ಮೆಟ್ಟಿಲು ಕಾಣಿಸಿತು. ಬರೆದು ಮುಗಿಸಿ, "ಫೇಲ್. ಒಂದು ವಾರದಲ್ಲಿ ಸರಿಯಾದ ಸೈಲೆನ್ಸರ್ ಹಾಕಿಸಿ ತಾ," ಎಂದು ಕೊಟ್ಟರು.

"ಅಷ್ಟೇನಾ? ಪೊಲೀಸ್ ಕೇಸ್ ಇಲ್ವಾ?"

"ಇಲ್ಲ. ಫೇಲ್."

ನಾನು ಅವರ ಎರಡೂ ಕೈ ಹಿಡಿದು, ಶುಕ್ರನ್, ಶುಕ್ರಿಯಾ, ಥ್ಯಾಂಕ್ಯೂ, ಬರುವ ಭಾಷೆಯಲ್ಲೆಲ್ಲ ಹೇಳಿದೆ. ಅವರು ಕೈ ಬಿಡಿಸಿಕೊಂಡು, ಕಾಗದವನ್ನು ಮತ್ತೆ ತೆಗೆದುಕೊಂಡು, ತಪ್ಪಿ ಪಾಸೆಂದು ಬರೆದೆನೋ ಎಂದು ಓದಿ ನೋಡಿದರು.

ಪೂಜೆಗೆ ಹೊರಟದ್ದು

ಸೈಲೆನ್ಸರ್ ಹಾಕಿಸಿ ಕಾರು ಪಾಸಾಯಿತು. ಅದೇ ತಿಂಗಳು, ಏಳನೇ ಪ್ರಯತ್ನದಲ್ಲಿ, ಭಾವನಿಗೂ ಲೈಸೆನ್ಸ್ ಸಿಕ್ಕಿತು. ನಾನು ಒಂದು ದಿನವೂ ಕಾಯದೆ ರಜೆ ಹಾಕಿ ಕಾರನ್ನು ಅವರ ಹೆಸರಿಗೆ ಮಾಡಿಸಿದೆ. ಮಾಲೀಕನ ಹೆಸರಿರುವ ಕಾರಿನ ಕಾರ್ಡ್ ಅವರ ಕೈಗಿಟ್ಟಾಗ ಅವರು ಅದನ್ನು ಎರಡೂ ಕಡೆ ಓದಿದರು.

"ಭಾವ, ನಿಮ್ಮ ಅರಬಾಬ್ ಪೊಲೀಸ್ ಕೇಸಿನ ಬಗ್ಗೆ ಎಂತ ಹೇಳಿದ್ದು?"

"ಖಲ್ಲಾಸ್ ಅಂತ. ಮಾರನೇ ದಿನ ಬೊಂಬಾಯಿ."

"ನನ್ನ ಅರಬಾಬ್ ಹಾಗೆ ಹೇಳಿದ ನೆನಪಿಲ್ಲ."

"ಹೇಳ್ತಾರೆ," ಎಂದೆ.

ಅಲ್ಲಿ ವಾರದ ರಜೆ ಶುಕ್ರವಾರ, ಇಗರ್ಜಿಯ ಪೂಜೆಯೂ ಅಂದೇ; ಬೆಳಿಗ್ಗೆ ಮೂವರೂ ಹೊರಟೆವು. ನಡೆದರೆ ಕಾಲು ಗಂಟೆಯ ದಾರಿ. ಭಾವ ಸ್ಟಿಯರಿಂಗ್ ಹಿಡಿದರು. ಮೊದಲು ಇಳಿದು ನಾಲ್ಕು ಟಯರನ್ನೂ ಒತ್ತಿ ನೋಡಿದರು. ಓಣಿಯ ಬಾಯಲ್ಲಿ ನಿಲ್ಲಿಸಿ ಆಚೆ ಈಚೆ ನೋಡಿದರು, ಮತ್ತೆ ನೋಡಿದರು. ದಾಟಲು ಮನಸ್ಸಿಲ್ಲದೆ ಅಂಗಡಿ ಮುಂದೆ ಹರಟುತ್ತಿದ್ದ ಇಬ್ಬರಿಗೂ ದಾರಿ ಬಿಟ್ಟು ಕಾದರು. ಎಂಟು ಸಿಲಿಂಡರಿನ ಆ ಕಾರು ಉಸಿರು ಹಿಡಿದುಕೊಂಡು ತೆವಳಿತು. ಹಿಂದಿನಿಂದ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. ಸೀಮೆಎಣ್ಣೆ ಮಾರುವ ಕತ್ತೆಗಾಡಿಯೊಂದು ನಮ್ಮನ್ನು ದಾಟಿ ಹೋಯಿತು, ಕತ್ತೆ ತಿರುಗಿ ನೋಡಿತು.

ನಾನು ಜೀವನದಲ್ಲಿ ಮೊದಲ ಸಲ ಸೀಟಿಗೆ ಬೆನ್ನು ಕೊಟ್ಟು, ಮೊಣಕೈ ಕಿಟಕಿಯ ಹೊರಗಿಟ್ಟು ಕುಳಿತಿದ್ದೆ. ಎಂಥ ಗಾಳಿ, ಎಂಥ ಊರು! "ಒತ್ತಿ ಭಾವ, ಒತ್ತಿ!" ಎಂದೆ.

"ಸುಮ್ನಿರಿ ಮಾರಾಯ್ರೆ!" ಎಂದು ಭಾವ ಬೆವರು ಒರೆಸಿಕೊಂಡರು.

ನಾವು ಇಗರ್ಜಿ ಮುಟ್ಟುವಾಗ ಪೂಜೆ ಮುಗಿದು ಜನ ಹೊರಗೆ ಬರುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಪಾದ್ರಿಗಳು ನಮ್ಮನ್ನು ಕಂಡು ಕನಿಕರದಿಂದ, "ಏನಾಯ್ತು, ಕಾರು ಕೆಟ್ಟಿತಾ?" ಎಂದು ಕೇಳಿದರು.

ಹೆಂಡತಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೇಳಿದಳು: "ಇಲ್ಲ ಫಾದರ್, ಕಾರು ಸರಿ ಉಂಟು. ಅಣ್ಣನ ಹೆಸರಿಗಾಯಿತು."