ಅವ್ವನ ಯೋಜನೆಯ ಫಲಾನುಭವಿ

ವಕೀಲರ ಬಾಗಿಲಿಗೆ ಯಾರೂ ನಗುತ್ತ ಬರುವುದಿಲ್ಲ, ನಿಜ. ಆದರೆ ಕೂಡ್ಲಿಗಿಯ ನನ್ನ ಕಚೇರಿಗೆ ಬಂದವರಲ್ಲಿ ಯಾರಾದರೊಬ್ಬರು ದಿನಾ ನನ್ನನ್ನು ನಗಿಸಿಯೇ ಹೋಗುತ್ತಾರೆ. ಒಂದೇ ಟ್ರಸ್ಟ್ ಪತ್ರ ನನ್ನನ್ನು ತಿಂಗಳುಗಟ್ಟಲೆ ನಗಿಸಿದ್ದು ಹೀಗೆ.

ನಂಬಿಕೆ

ಕೊಟ್ಟೂರು ಕಡೆಯ ಅವ್ವ ಒಬ್ಬರು ಬಂದರು. ತವರಿನಿಂದ ಬಂದ ನಾಲ್ಕು ಎಕರೆ ಹೊಲ ಅವರ ಹೆಸರಿನಲ್ಲಿತ್ತು. ನಲವತ್ತು ದಾಟಿದ ಮಗನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಚಟ, ಕೇಳಿದವರಿಗೆ ಇಲ್ಲ ಎನ್ನುವುದಿಲ್ಲ.

"ಮೊನ್ನಿ ಎರಡು ಟಗರು ಕೊಟ್ಟು ಬಂದಾನ. ಯಾರಿಗಂದ್ರ, ಹೆಸರು ಕೇಳಾಕ ಮರ್ತೆ ಅಂತಾನ. ನಾ ಹೋದಮ್ಯಾಲೆ ಹೊಲಾನೂ ಹಂಗ ಹೋಗ್ತೈತಿ. ಆಮ್ಯಾಲೆ ಅವನ ಹೊಟ್ಟಿಗೇನು?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಟ್ರಸ್ಟ್ ಮಾಡೋಣ ಅವ್ವಾ. ಬೆಳಿ ಅವನಿಗೆ. ಹೊಲ ಮಾರಾಕ, ಕೊಡಾಕ ಬರಂಗಿಲ್ಲ."

"ಟ್ರಸ್ಟ್ ಅಂದ್ರ ಏನಪಾ?"

"ನಂಬಿಕಿ."

"ಅವನ ಮ್ಯಾಲೆ ನಂಬಿಕಿ ಇದ್ದಿದ್ರ ನಾ ನಿನ್ನ ಹತ್ರ ಯಾಕ ಬರ್ತಿದ್ದೆ?"

ಕುರ್ಚಿ

ಹೊಲ ನೋಡಿಕೊಳ್ಳಲು ಹರಪನಹಳ್ಳಿಯಲ್ಲಿ ನರ್ಸ್ ಆಗಿರುವ ಅವ್ವನ ಮಗಳನ್ನೂ ಅವ್ವನ ತಮ್ಮನನ್ನೂ ಟ್ರಸ್ಟಿ ಮಾಡಿದೆವು. ಟ್ರಸ್ಟಿ ಎಂಬುದಕ್ಕೆ ನಾನು ಕನ್ನಡದಲ್ಲಿ ‘ಧರ್ಮದರ್ಶಿ’ ಎಂದು ಬರೆದದ್ದೇ ತಪ್ಪಾಯಿತು. ಕರಡು ಓದಿದ ತಮ್ಮ ಮರುದಿನ ಇಸ್ತ್ರಿ ಅಂಗಿ ತೊಟ್ಟು, ಶಲ್ಯ ಹೊದ್ದು ಅಕ್ಕನ ಜೊತೆ ಬಂದ.

"ಗುಡಿ ಎಲ್ಲಿ ಕಟ್ಟಸ್ತೀರಿ ವಕೀಲ್ರ?"

"ಗುಡಿ ಇಲ್ರಿ, ಹೊಲ ಕಾಯೋದು."

"ಮತ್ತ ಧರ್ಮದರ್ಶಿ ಕುರ್ಚಿ ಎಲ್ಲಿ ಹಾಕ್ತೀರಿ?"

ಉತ್ತರ ಕೊಟ್ಟವರು ಅವ್ವ. "ಬದುವಿನ ಮ್ಯಾಲೆ ಹಾಕ್ಕೋಲೇ. ಹಂದಿ ಹೊಡಿಯಾಕ ಚಲೋ ಆಗ್ತೈತಿ."

ಯೋಜನೆ

ಟ್ರಸ್ಟಿನ ಫಲಾನುಭವಿ ನೀನು ಎಂದು ಮಗನಿಗೆ ಫೋನಿನಲ್ಲಿ ಹೇಳಿದೆ. ರೇಷನ್ ಕಾರ್ಡು, ಜಾತಿ-ಆದಾಯ ಪ್ರಮಾಣಪತ್ರ, ಎರಡು ಫೋಟೊ ಹಿಡಿದು ಓಡಿಬಂದ. ಪಕ್ಕದ ಮನೆಯವರ ರೇಷನ್ ಕಾರ್ಡೂ ಕೈಯಲ್ಲಿತ್ತು.

"ಇವ್ರ ಹೆಸರೂ ಸೇರಿಸ್ಬಿಡ್ರಿ ಸರ್, ಪಾಪ. ಅಂದಂಗ ಇದು ಕೇಂದ್ರದ ಯೋಜನಿನೋ, ರಾಜ್ಯದ್ದೋ?"

"ನಿಮ್ಮವ್ವನ ಯೋಜನಿ!" ಎಂದೆ.

ಸಾಕ್ಷಿ

ನೋಂದಣಿಯ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಸರದಿ ಬಂತು. ಅವ್ವನ ಆಧಾರ್ ಕಾರ್ಡು ಮಗನ ಜೇಬಿನಲ್ಲಿ, ಮಗ ನಾಪತ್ತೆ! ಹುಡುಕಿದರೆ ಹೊರಗೆ ಬೇವಿನ ಮರದ ಕೆಳಗೆ ಗುರುತು ಪರಿಚಯವಿಲ್ಲದವರ ಪತ್ರಕ್ಕೆ ಸಾಕ್ಷಿ ಸಹಿ ಹಾಕುತ್ತ ಕೂತಿದ್ದ. ಅದು ಮೂರನೆಯದಂತೆ.

"ಕೇಳಿದ್ರು ಸರ್, ಹೆಂಗ ಇಲ್ಲ ಅನ್ನೋದು?"

ಅವ್ವ ಅಧಿಕಾರಿಯ ಮುಂದೆ ಹೆಬ್ಬೆಟ್ಟು ಚಾಚಿದರು. "ಲಗೂನ ಒತ್ತಿಸ್ಕೊಳ್ರಿ ಸಾಹೇಬ್ರ. ನಾಕನೇದು ನಮ್ಮ ಹೊಲದ್ದ ಇದ್ದೀತು!"

ಇಲ್ಲ

ಪತ್ರ ಕೈಗೆ ಬಂದಾಗ ಅವ್ವನ ಮುಖದ ನಗು ನೋಡಿ ನನಗೂ ಖುಷಿಯಾಯಿತು. ಹದಿನೈದು ದಿನ ಬಿಟ್ಟು ಮಗ ಬಂದ.

"ಸರ್, ಇಲ್ಲ ಅನ್ನಾಕ ಕಲ್ತೀನಿ! ಊರ ಮಂದಿ ಬಣವಿ ಒಟ್ಟಾಕ ಹೊಲದಾಗ ಜಾಗ ಕೇಳಿದ್ರು. ಹೊಲ ಟ್ರಸ್ಟಿಂದು, ನನ್ನ ಕೈಯಾಗಿಲ್ಲ ಅಂದೆ."

ಭೇಷ್ ಎಂದು ಬೆನ್ನು ತಟ್ಟಿದೆ.

"ಆದ್ರ ಬರಿಗೈಲೆ ಕಳಿಸಾಕ ಮನಸ್ಸಾಗಲಿಲ್ರಿ" ಎಂದು ಬಾಗಿಲು ತೋರಿಸಿದ. ಹೊರಗೆ ಒಂದು ಟಂಟಂ ಆಟೊ ತುಂಬ ಬಂದ ಜನ ಇಳಿಯುತ್ತಿದ್ದರು. "ಇವ್ರಿಗೂ ಒಂದೊಂದು ಟ್ರಸ್ಟ್ ಮಾಡಿಕೊಡ್ರಿ. ನಮ್ಮ ವಕೀಲ್ರು ಪುಕ್ಕಟೆ ಮಾಡ್ತಾರಂತ ಮಾತು ಕೊಟ್ಟೀನಿ."

ಹೊಲವನ್ನೇನೋ ಭದ್ರ ಮಾಡಿದ್ದೆ. ಅವನು ದಾನ ಕೊಡಬಾರದ ಆಸ್ತಿಯ ಪಟ್ಟಿಯಲ್ಲಿ ವಕೀಲನನ್ನು ಸೇರಿಸುವುದನ್ನೇ ಮರೆತಿದ್ದೆ!