ಲಿನಕ್ಸ್‌ನಲ್ಲಿ ಆಟ ಓಡಿಸುವ ಹಠ

ಜಂಬ ಕೊಚ್ಚಿಕೊಳ್ಳುವವರಲ್ಲಿ ಎರಡು ಬಗೆ. ಕೊಚ್ಚಿಕೊಂಡು ಅಲ್ಲೇ ಮರೆತುಬಿಡುವವರು ಒಂದು ಬಗೆ. ಇವರ ಆರೋಗ್ಯ ಚೆನ್ನಾಗಿರುತ್ತದೆ. ನಾನು ಎರಡನೆಯ ಬಗೆ. ಬಾಯಿಂದ ಒಂದು ಜಂಬದ ಮಾತು ಹೊರಬಿತ್ತೆಂದರೆ, ಮನೆಗೆ ಹೋಗಿ ಅದನ್ನು ನಿಜ ಮಾಡುವವರೆಗೆ ನನಗೆ ಅನ್ನ ಸೇರುವುದಿಲ್ಲ. ಒಮ್ಮೆ ನಮ್ಮ ನೋಯ್ಡಾದ ಅಪಾರ್ಟ್‌ಮೆಂಟಿನ ಲಿಫ್ಟ್‌ನಲ್ಲಿ ಪಕ್ಕದ ಮನೆಯಾಕೆಗೆ, ನಾವು ದಕ್ಷಿಣದವರು ಹಪ್ಪಳವನ್ನೆಲ್ಲ ಅಂಗಡಿಯಿಂದ ತರುವುದಿಲ್ಲ, ಮನೆಯಲ್ಲೇ ಮಾಡುತ್ತೇವೆ ಎಂದುಬಿಟ್ಟೆ. ಆಮೇಲೆ ಒಂದಿಡೀ ಬೇಸಿಗೆ ನಮ್ಮ ಬಾಲ್ಕನಿಯಲ್ಲಿ ಹಪ್ಪಳ ಹರವಿ, ಊರಿನ ಪಾರಿವಾಳಗಳಿಗೆಲ್ಲ ಊಟ ಹಾಕಿದೆ. ಉಳಿದದ್ದು ಎರಡು ಹಿಡಿ. ಅದನ್ನು ಕರಿದು ಆ ಪಕ್ಕದ ಮನೆಯಾಕೆಗೆ ಕೊಟ್ಟು ಬಂದ ಮೇಲೆಯೇ ನನ್ನ ಜೀವಕ್ಕೆ ಸಮಾಧಾನವಾಗಿದ್ದು.

ಇಷ್ಟು ಹೇಳಿದ ಮೇಲೆ, ನಮ್ಮ ಮನೆಯ ಕಂಪ್ಯೂಟರಿಗೆ ಏನಾಯಿತೆಂದು ನೀವೇ ಊಹಿಸಬಹುದು. ನಾನು ದಿಲ್ಲಿಯ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಒಂದು ದಿನ ಸ್ಟಾಫ್ ರೂಮಿನಲ್ಲಿ ಲಿನಕ್ಸಿನ ಮೇಲೆ ಮಾತು ಬಂತು. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ ಬಹಳ ಮನೆಗಳಲ್ಲಿ ವಿಂಡೋಸ್ ಆಗಿರುತ್ತದೆ. ಅದರ ಬದಲು ಹಾಕಿಕೊಳ್ಳಬಹುದಾದ, ಯಾರೊಬ್ಬರ ಸ್ವತ್ತೂ ಅಲ್ಲದ, ಪ್ರಪಂಚದ ಸಾವಿರಾರು ಜನ ಸೇರಿ ಕಟ್ಟಿದ, ಯಾರು ಬೇಕಾದರೂ ಒಳಗೆ ಇಣುಕಿ ನೋಡಿ ತಿದ್ದಬಹುದಾದ ವ್ಯವಸ್ಥೆ ಲಿನಕ್ಸ್. ಜ್ಞಾನಕ್ಕೆ ಬೀಗ ಹಾಕಬಾರದು ಎಂದು ನಾನು ಚಹಾ ಆರುವವರೆಗೆ ಭಾಷಣ ಬಿಗಿದೆ. ಎಲ್ಲ ಕೇಳಿಸಿಕೊಂಡ ಬಂಗಾಳಿ ಸಹೋದ್ಯೋಗಿಯೊಬ್ಬರು, ಮನೆಯಲ್ಲೂ ಅದನ್ನೇ ಬಳಸುತ್ತೀರಾ ಎಂದು ಮೆಲ್ಲಗೆ ಕೇಳಿದರು. ಮತ್ತೇನು, ಮನೆಯಲ್ಲಿ ಬೇರೆಯದಕ್ಕೆ ಜಾಗವೇ ಇಲ್ಲ ಎಂದೆ. ಮನೆಯಲ್ಲಿ ಇದ್ದದ್ದು ಬೇರೆಯದೇ. ಆ ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿದವಳೇ ಕಂಪ್ಯೂಟರಿನಲ್ಲಿದ್ದ ವಿಂಡೋಸನ್ನು ಪೂರ್ತಿ ಅಳಿಸಿ ಲಿನಕ್ಸ್ ಹಾಕಿ ಕೂತೆ. ಮನೆಗೆ ಸುಣ್ಣ ಬಳಿದಷ್ಟು ಹಿತವಾಯಿತು.

ಆ ಹಿತ ಭಾನುವಾರ ಮಧ್ಯಾಹ್ನದವರೆಗೆ ಇತ್ತು. ಎಂಟನೇ ತರಗತಿಯಲ್ಲಿರುವ ನನ್ನ ಮಗಳು ಸಾನ್ವಿ ಕಂಪ್ಯೂಟರಿನ ಮುಂದೆ ಕೂತು, ಎರಡು ನಿಮಿಷ ಪರದೆಯನ್ನು ನೋಡಿ, ತಿರುಗಿ ನನ್ನನ್ನು ನೋಡಿದಳು. "ಮಮ್ಮಾ, ಮೇರಾ ಗೇಮ್ ಕಹಾಂ ಹೈ?" ಎಂದಳು. ಪ್ರತಿ ಭಾನುವಾರ ಅವಳು ಹುಬ್ಬಳ್ಳಿಯಲ್ಲಿರುವ ದೊಡ್ಡಪ್ಪನ ಮಕ್ಕಳ ಜೊತೆ ಒಂದು ಆಟ ಆಡುತ್ತಿದ್ದಳು. ನಾಲ್ಕು ಜನರ ತಂಡ. ಒಂದು ದ್ವೀಪಕ್ಕೆ ಇಳಿಯುವುದು, ಅಲ್ಲಿ ಕಂಡವರನ್ನೆಲ್ಲ ಗುಂಡು ಹಾರಿಸಿ ಕೆಡವುವುದು, ಮಧ್ಯೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಿರುಚಾಡುವುದು. ಸಂಖ್ಯಾಶಾಸ್ತ್ರ ಕಲಿಸುವ ತಾಯಿ ಮೆಚ್ಚುವಂಥ ಆಟವೇನಲ್ಲ. ಹೋದರೆ ಹೋಗಲಿ, ಪೀಡೆ ಕಳೆಯಿತು ಎಂದು ನಾನು ಹಾಯಾಗಿ ಇರಬಹುದಾಗಿತ್ತು.

ಆದರೆ ಹಾಯಾಗಿ ಇರುವಂತಿರಲಿಲ್ಲ. ಯಾಕೆಂದರೆ ನನ್ನ ಮಗಳು ಕನ್ನಡ ಆಡುತ್ತಿದ್ದದ್ದು ಆ ದ್ವೀಪದ ಮೇಲೆ ಮಾತ್ರ. ಸಾನ್ವಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಹುಬ್ಬಳ್ಳಿಯ ಅಜ್ಜಿ, ಅಂದರೆ ನನ್ನ ಅತ್ತೆಯವರು, ಫೋನ್ ಮಾಡಿ ಊಟ ಆತೇನವ್ವಾ ಎಂದು ಕೇಳಿದರೆ, ಇವಳು ಹಾಂ ಅಜ್ಜಿ, ಖಾ ಲಿಯಾ ಎಂದು ಫೋನನ್ನು ನನ್ನ ಕೈಗೆ ತುರುಕಿ ಓಡುತ್ತಿದ್ದಳು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇದಕ್ಕೆ ಅವಳ ಶಾಲೆ, ನೆರೆಹೊರೆ, ಪಾರ್ಕಿನ ಗೆಳತಿಯರು, ಟಿವಿ, ಇಡೀ ಉತ್ತರ ಭಾರತ, ಎಲ್ಲವೂ ಕಾರಣವೆಂದು ನಾನು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಹೀಗಿರುವಾಗ ಒಂದು ಭಾನುವಾರ ಸಾಂಬಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಒಳಗಿನಿಂದ "ಹೊಳ್ಳಿ ನೋಡಬ್ಯಾಡ, ಓಡಲೇ, ಹಿಂದ ಬರಾಕತ್ತಾನ" ಎಂಬ ಕೂಗು ಬಂತು. ಟಿವಿಯಲ್ಲಿ ಯಾವುದೋ ಕನ್ನಡ ಸಿನಿಮಾ ಇರಬೇಕೆಂದುಕೊಂಡೆ. ಹೋಗಿ ನೋಡಿದರೆ ನನ್ನ ಮಗಳು. ಸಾಸಿವೆ ಕರಕಲಾಗುವವರೆಗೆ ಬಾಗಿಲಲ್ಲಿ ನಿಂತು ಕೇಳಿದೆ. ನಾನು ತುಮಕೂರಿನವಳು, ಅವಳ ಬಾಯಲ್ಲಿದ್ದದ್ದು ಅಪ್ಪಟ ಹುಬ್ಬಳ್ಳಿ. ಅದರಲ್ಲೂ ಬರೀ ಯುದ್ಧಕ್ಕೆ ಬೇಕಾಗುವ ಕನ್ನಡ. ಆದರೂ ಕನ್ನಡ. ಅದನ್ನೇ ನಾನು ಒಂದು ಶನಿವಾರ ತಿಂಡಿ ಮುಗಿಸಿ ಅಳಿಸಿ ಹಾಕಿದ್ದೆ.

ವಿಂಡೋಸನ್ನು ಮತ್ತೆ ಹಾಕಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನನ್ನ ಗಂಡ ಬಸವರಾಜ ಅವರೂ ಕೇಳಿದರು. ಅವರು ಓಖ್ಲಾದ ಒಂದು ಗಾರ್ಮೆಂಟ್ ಕಂಪನಿಯಲ್ಲಿ ಹೊರದೇಶಕ್ಕೆ ಅಂಗಿ ಕಳಿಸುವವರು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯುವುದರಲ್ಲಿ ಅವರಿಗೆ ಯಾವ ಅವಮಾನವೂ ಕಾಣುವುದಿಲ್ಲ. ನನಗೆ ಕಾಣುತ್ತದೆ. ಸ್ಟಾಫ್ ರೂಮಿಗೆ ಯಾವ ಮುಖ ಹೊತ್ತು ಹೋಗಲಿ? ಲಿನಕ್ಸೂ ಇರಬೇಕು, ಮಗಳ ಆಟವೂ ನಡೆಯಬೇಕು, ಕನ್ನಡವೂ ಉಳಿಯಬೇಕು ಎಂದು ಪಟ್ಟು ಹಿಡಿದೆ.

ಲಿನಕ್ಸ್‌ನಲ್ಲಿ ಆಟಗಳು ಓಡುವುದೇ ಇಲ್ಲ ಎನ್ನುವವರ ಮಾತು ನಂಬಬೇಡಿ; ಅದು ಹಳೆಯ ಕಾಲದ ಕಥೆ. ಈಗ ಮಧ್ಯೆ ಒಬ್ಬ ದುಭಾಷಿ ಕೂತಿರುತ್ತಾನೆ. ವಿಂಡೋಸಿಗೆಂದು ಬರೆದ ಆಟ ತನ್ನ ಭಾಷೆಯಲ್ಲಿ ಏನು ಕೇಳಿದರೂ ಈ ದುಭಾಷಿ ಅದನ್ನು ಲಿನಕ್ಸಿಗೆ ತಿಳಿಯುವ ಹಾಗೆ ಹೇಳಿ, ಕೆಲಸ ಮಾಡಿಸಿಕೊಡುತ್ತಾನೆ. ಅಜ್ಜಿಗೂ ಮೊಮ್ಮಗಳಿಗೂ ನಡುವೆ ಇಷ್ಟು ವರ್ಷ ನಾನು ಮಾಡುತ್ತಿದ್ದ ಕೆಲಸವೇ ಅದು, ಅವನು ಗೊಣಗುವುದಿಲ್ಲ ಅಷ್ಟೆ. ಒಂದು ವಾರದಲ್ಲಿ ನಾನು ಲಾರಿ ಓಡಿಸುವ ಆಟ, ಹೊಲ ಉಳುವ ಆಟ, ಹಾಳು ಕೋಟೆಯಲ್ಲಿ ದೆವ್ವ ಹುಡುಕುವ ಆಟ, ಎಲ್ಲವನ್ನೂ ಓಡಿಸಿ ತೋರಿಸಿದೆ. ಕೆಲವಂತೂ ಮೊದಲಿಗಿಂತ ಚುರುಕಾಗಿ ಓಡಿದವು. ಸಾನ್ವಿ ಒಂದೊಂದನ್ನೂ ನೋಡಿ ನೈಸ್ ಮಮ್ಮಾ ಎಂದು ಎದ್ದು ಹೋದಳು. ಅವಳಿಗೆ ಬೇಕಾದದ್ದು ದ್ವೀಪ, ಅಣ್ಣ ಅಕ್ಕಂದಿರು ಇರುವ ಆ ಒಂದೇ ದ್ವೀಪ.

ದ್ವೀಪದ ಬಾಗಿಲಲ್ಲಿ ಒಬ್ಬ ಕಾವಲುಗಾರ ಇದ್ದ. ಹತ್ತಾರು ಜನ ಕೂಡಿ ಆಡುವ ಇಂಥ ಆಟಗಳಲ್ಲಿ ಯಾರೂ ಮೋಸ ಮಾಡದ ಹಾಗೆ ನೋಡಿಕೊಳ್ಳಲು ಒಂದು ತಂತ್ರಾಂಶ ಇರುತ್ತದೆ. ನಮ್ಮ ಸೊಸೈಟಿಯ ಗೇಟಿನ ಗಾರ್ಡ್ ಭಯ್ಯಾ ಬಂದವರ ಹೆಸರು, ಫ್ಲಾಟ್ ನಂಬರು, ಫೋಟೋ ತೆಗೆದುಕೊಂಡು ಬಿಡುತ್ತಾನೆ. ಇವನು ಹಾಗಲ್ಲ. ನೀನು ಆಡುವಷ್ಟು ಹೊತ್ತು ನಾನು ನಿನ್ನ ದೇವರಮನೆಯಲ್ಲೇ ಕೂರುತ್ತೇನೆ, ನನ್ನ ಚೀಲದಲ್ಲಿ ಏನಿದೆಯೆಂದು ಕೇಳಬೇಡ ಎನ್ನುತ್ತಾನೆ. ವಿಂಡೋಸ್ ಜಾಗ ಕೊಡುತ್ತದೆ. ಲಿನಕ್ಸ್‌ನಲ್ಲಿ ಮನೆಯ ಯಜಮಾನರು ಏನು ಬೇಕಾದರೂ ಬದಲಾಯಿಸಬಹುದಾದ್ದರಿಂದ, ಅಂಥ ಮನೆಯನ್ನು ನಾನು ನಂಬುವುದೇ ಇಲ್ಲ ಎಂದು ಆ ಕಾವಲುಗಾರ ಬಾಗಿಲು ಹಾಕಿಕೊಳ್ಳುತ್ತಾನೆ. ಕೆಲವು ಆಟದವರು ಲಿನಕ್ಸಿನವರನ್ನೂ ಒಳಗೆ ಬಿಡುತ್ತಾರೆ. ಈ ಆಟದವರು ಜಪ್ಪಯ್ಯ ಎಂದರೂ ಬಿಡಲಿಲ್ಲ. ನಾನೇನು ಸುಮ್ಮನಿರುವವಳೇ? ಅಲ್ಲಿ ಇಲ್ಲಿ ಓದಿ, ನಮ್ಮದು ವಿಂಡೋಸ್ ಮನೆಯೇ ಎಂದು ಕಾವಲುಗಾರ ನಂಬುವ ಹಾಗೆ ವೇಷ ಹಾಕಿಸಿದೆ. ಭಾನುವಾರ ಸಾನ್ವಿ ದ್ವೀಪಕ್ಕೆ ಇಳಿದಳು. ನಾನು ಚಪ್ಪಾಳೆ ತಟ್ಟಿದೆ. ಅರ್ಧ ಆಟದಲ್ಲಿ ಪರದೆ ಕಪ್ಪಾಗಿ, ಈ ಆಟಗಾರ್ತಿಯನ್ನು ಮೋಸಕ್ಕಾಗಿ ಹೊರಹಾಕಲಾಗಿದೆ ಎಂದು ಬಂತು. ಹುಬ್ಬಳ್ಳಿಯ ಪರದೆಗಳ ಮೇಲೂ ಬಂತು.

ಆಮೇಲೆ ನನ್ನ ಮಗಳು ನನ್ನ ಜೊತೆ ಹಿಂದಿಯಲ್ಲೂ ಮಾತಾಡಲಿಲ್ಲ. ತಪ್ಪಿಲ್ಲದೆ ಕಳ್ಳಿ ಎನ್ನಿಸಿಕೊಂಡ ಮಗುವಿನ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆಟದವರಿಗೆ ಬರೆದೆ, ತಪ್ಪು ಹುಡುಗಿಯದಲ್ಲ, ಅವಳ ತಾಯಿಯದು ಎಂದು. ಉತ್ತರ ಬರಲಿಲ್ಲ. ಬಸವರಾಜ ಅವರು ಸಿಟ್ಟು ಮಾಡುವವರಲ್ಲ, ಆದರೆ ಆ ಸಲ ಊಟದ ತಟ್ಟೆ ಸರಿಸಿ ನೇರವಾಗಿ ಹೇಳಿದರು: "ನೀ ಏನರ ಮಾಡು. ದಸರಾ ಸೂಟಿ ಮುಗಿಯೋದ್ರಾಗ ಈಕಿ ಆ ಹುಡುಗರ ಜೋಡಿ ಆಡಂಗ ಆಗಲಿಲ್ಲಂದ್ರ, ನಾನ ಹಳೇದು ಹಾಕಿಸ್ತೀನಿ." ಗಡುವು ಅಂತೂ ಸಿಕ್ಕಿತು. ಗಡುವು ಕೊಟ್ಟರೆ ನನ್ನ ಹಠಕ್ಕೆ ಇನ್ನಷ್ಟು ಬಲ ಬರುತ್ತದೆಂದು ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೆ ತಿಳಿದಿಲ್ಲ.

ಕಾವಲುಗಾರನ ಜೊತೆ ಇನ್ನು ಗುದ್ದಾಡಿ ಪ್ರಯೋಜನವಿರಲಿಲ್ಲ. ಸಾನ್ವಿ ಆ ದ್ವೀಪಕ್ಕೆ ಹೋಗಲಾರಳು ಎಂದಾದರೆ, ಆ ಮಕ್ಕಳನ್ನೇ ಬೇರೆ ಆಟಕ್ಕೆ ಎಳೆದು ತರಬೇಕು. ತಂಡದ ನಾಯಕಿ ಅಕ್ಷತಾ, ನನ್ನ ಭಾವನವರ ಮಗಳು, ಪಿಯುಸಿ ಓದುವವಳು. ಉಳಿದಿಬ್ಬರು ಅವಳ ತಮ್ಮಂದಿರು, ಅಕ್ಕ ಹೇಳಿದ್ದೇ ಅವರಿಗೆ ಕಾನೂನು. ಅವಳಿಗೆ ಫೋನ್ ಮಾಡಿದೆ. "ಕಾಕು, ನೀವು ನಮ್ಮ ಟೀಮಿನ ಮಾನ ಕಳೆದ್ರಿ ನೋಡ್ರಿ" ಎಂದೇ ಮಾತು ಶುರುಮಾಡಿದಳು. ಪಿಎಚ್‌ಡಿ ಮೌಖಿಕ ಪರೀಕ್ಷೆಯಲ್ಲೂ ನಾನು ಅಷ್ಟು ಬೆವರಿರಲಿಲ್ಲ. ಬೇರೆ ಆಟವಾದರೆ ಅದು ತಮ್ಮ ಹಳೆಯ ಲ್ಯಾಪ್‌ಟಾಪುಗಳಲ್ಲಿ ಓಡಬೇಕು, ಪುಕ್ಕಟೆ ಇರಬೇಕು, ಒಬ್ಬರನ್ನೊಬ್ಬರು ಹೊಡೆದು ಕೆಡವುವ ಅವಕಾಶ ಇರಬೇಕು, ಇಷ್ಟು ಅವಳ ಷರತ್ತು. ಮೂರನ್ನೂ ಒಪ್ಪಿಕೊಂಡು ಹುಡುಕಲು ಕೂತೆ.

ಸಿಕ್ಕಿತು. ಲಿನಕ್ಸಿನವರೇ ಕೂಡಿ ಕಟ್ಟಿದ, ಎಲ್ಲ ಕಂಪ್ಯೂಟರಿನಲ್ಲೂ ಓಡುವ ಒಂದು ಪುಟ್ಟ ಕಾರು ಪಂದ್ಯದ ಆಟ. ಒಂದು ಪೆಂಗ್ವಿನ್, ಒಂದು ಆನೆ, ಇನ್ನೂ ಏನೇನೋ ಪ್ರಾಣಿಗಳು ಆಟಿಕೆ ಕಾರಿನಲ್ಲಿ ಕೂತು ಓಡುತ್ತವೆ. ಮುಂದಿರುವವರ ಮೇಲೆ ಚೆಂಡೋ ಕೇಕೋ ಎಸೆದು ಉರುಳಿಸಬಹುದು. ಕಾವಲುಗಾರ ಇಲ್ಲ. ಪಂದ್ಯ ನಡೆಸಿಕೊಡುವ ಸರ್ವರನ್ನು ನಮ್ಮ ಕಂಪ್ಯೂಟರಿನಲ್ಲೇ ಕೂರಿಸಬಹುದು, ಅಂದರೆ ಪಂಚರು ನಮ್ಮ ಮನೆಯಲ್ಲೇ. ಅದನ್ನು ಹೊಂದಿಸುವ ಗುಂಗಿನಲ್ಲಿ ಮೆಟ್ರೋದಲ್ಲಿ ಇಳಿಯಬೇಕಾದ ನಿಲ್ದಾಣವನ್ನೇ ಒಂದು ದಿನ ಮರೆತೆ. ಸಾನ್ವಿ ನೋಡಿ ಇದು ಚಿಕ್ಕ ಮಕ್ಕಳ ಆಟ ಎಂದು ಹಿಂದಿಯಲ್ಲಿ ಗೊಣಗಿದಳು. ನನ್ನ ಜೊತೆ ಮಾತು ಬಿಟ್ಟ ಮೇಲೆ ಅವಳು ಆಡಿದ ಮೊದಲ ಮಾತು ಅದು, ಅದಕ್ಕೇ ನನಗೆ ಸಂತೋಷವಾಯಿತು. ಆಮೇಲೆ ಸದ್ದಿಲ್ಲದೆ ಹೋಗಿ ಅಭ್ಯಾಸ ಮಾಡಿದಳೆಂಬುದು ಬೇರೆ ಮಾತು.

ಮೊದಲ ಪಂದ್ಯ ನವಮಿಯ ಮಧ್ಯಾಹ್ನ ಎಂದು ನಿಗದಿಯಾಯಿತು. ಗೊತ್ತು ಮಾಡಿದ ಮೇಲೆ ನೆನಪಾದದ್ದು, ಅದು ಆಯುಧ ಪೂಜೆ. ದಿಲ್ಲಿಗೆ ಬಂದರೂ ಆ ಪೂಜೆ ನಾವು ಬಿಟ್ಟಿಲ್ಲ. ಬೆಳಿಗ್ಗೆಯೇ ಬಸವರಾಜ ಅವರು ಕಾರು, ಮಿಕ್ಸಿ, ಕಂಪ್ಯೂಟರು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು ಇಟ್ಟಿದ್ದರು. ಪೂಜೆಗಿಟ್ಟದ್ದನ್ನು ಆ ದಿನ ಕೆಲಸಕ್ಕೆ ಮುಟ್ಟುವಂತಿಲ್ಲ. ಹುಬ್ಬಳ್ಳಿಯ ಲ್ಯಾಪ್‌ಟಾಪುಗಳೂ ಅತ್ತೆಯವರ ಮುಂದೆ ಹೂವು ಮುಡಿದು ಕೂತಿದ್ದವು. ಮರುದಿನ ಅಕ್ಷತಾ ಬಳಗದವರು ಅಜ್ಜಿಯ ತವರಿಗೆ ಹೊರಡುವವರು, ಬರುವಷ್ಟರಲ್ಲಿ ಇಲ್ಲಿ ರಜೆ ಮುಗಿದು ಹಳೆಯ ವಿಂಡೋಸ್ ಬಂದು ಕೂರುತ್ತದೆ. ಫೋನಿನಲ್ಲಿ ಅಕ್ಷತಾ ಅಜ್ಜಿಯ ಹತ್ತಿರ ವಾದ ಹೂಡುವುದು ಕೇಳಿಸುತ್ತಿತ್ತು. ಕೊನೆಗೆ ಅತ್ತೆಯವರೇ ತೀರ್ಪು ಕೊಟ್ಟರು: "ಕೆಲಸಕ್ಕ ಹಚ್ಚಬಾರದು ಅಂತ ಐತಿ. ಆಡಬಾರದು ಅಂತ ಯಾರೂ ಹೇಳಿಲ್ಲ. ಕುಂಕುಮ ಅಳಸದಂಗ ಆಡ್ರಿ." ಹಾಗಾದರೆ ನಾನು ಸರ್ವರ್ ನೋಡಿಕೊಳ್ಳುವುದು ಕೆಲಸವೋ ಆಟವೋ ಎಂದು ಕೇಳಿದೆ. ಎರಡೂ ಅಲ್ಲ, ಅದು ನಿನ್ನ ಚಟ ಎಂದರು ಬಸವರಾಜ.

ಪಂದ್ಯ ಶುರುವಾಯಿತು. ಎರಡೂ ಮನೆಯಲ್ಲಿ ಫೋನು ಸ್ಪೀಕರಿಗೆ ಹಾಕಿ ಮಧ್ಯೆ ಇಟ್ಟಿದ್ದೆವು. ಮೊದಲ ಸುತ್ತು ಎಲ್ಲರೂ ಬಿಗುಮಾನದಲ್ಲಿ ಸುಮ್ಮನೆ ಓಡಿಸಿದರು. ಎರಡನೆಯ ಸುತ್ತಿನಲ್ಲಿ ಸಾನ್ವಿಯ ಆನೆ ಅಕ್ಷತಾಳ ಪೆಂಗ್ವಿನ್‌ಗೆ ಕೇಕಿನಿಂದ ಹೊಡೆದದ್ದೇ ತಡ, ಹುಬ್ಬಳ್ಳಿಯಿಂದ ನೋಯ್ಡಾದವರೆಗೆ ಗದ್ದಲ ಎದ್ದಿತು. ಎಡಕ್ಕ ಹೊಳ್ಳು, ಬಿಡಬ್ಯಾಡ ಅಕಿನ್ನ, ಅಯ್ಯ ಬಿದ್ದಿ ನೋಡು. ಅವರ ನಡುವೆ ಅತ್ತೆಯವರ ದನಿ, ನಮ್ಮ ಸಾನ್ವಿ ಯಾವ ಗಾಡ್ಯಾಗ ಅದಾಳ ಎಂದು ಕೇಳುತ್ತಿತ್ತು. "ಆನಿ, ಅಜ್ಜಿ, ಆನಿ ನಂದು, ಎಲ್ಲಾರಕಿಂತ ಮುಂದ ಐತಿ ನೋಡ" ಎಂದು ನನ್ನ ಮಗಳು ಕೂಗಿದಳು. ಅಜ್ಜಿ ಕೇಳಿದ್ದಕ್ಕೆ ಮೊಮ್ಮಗಳು ತಾನಾಗಿ, ಮಧ್ಯೆ ನಾನಿಲ್ಲದೆ, ಉತ್ತರ ಕೊಟ್ಟಳು. ಬಸವರಾಜ ಅವರು ಪೇಪರು ಮಡಿಸಿಟ್ಟು ಕಣ್ಣೊರೆಸಿಕೊಂಡರು. ಗೆದ್ದೆ ಎಂದುಕೊಂಡೆ, ಲಿನಕ್ಸೂ ಗೆದ್ದಿತು.

ಗೆದ್ದವರು ದೂರ ನಿಂತು ನೋಡಬೇಕು. ನನಗೆ ಅದು ಗೊತ್ತಿಲ್ಲ. ಸಾನ್ವಿಯ ಕುರ್ಚಿಯ ಹಿಂದೆ ಹೋಗಿ ನಿಂತು ಚಿತ್ರ ನಿಧಾನ ಆಗುತ್ತಿದೆಯೇ, ಸರ್ವರ್ ಬಿಸಿಯಾಗಿದೆಯೇ ಎಂದು ಒಂದೊಂದಾಗಿ ಕೇಳತೊಡಗಿದೆ. ಪರದೆಯ ಮೂಲೆಯಲ್ಲಿ ಬೆರಳಿಟ್ಟು ಏನನ್ನೋ ತೋರಿಸಲೂ ಹೋದೆ. ಅವಳು ಕಣ್ಣು ತೆಗೆಯದೆ ಹೇಳಿದಳು: "ಹಿಂದ ನಿಂತು ಏನ್ ನೋಡಾಕತ್ತಿ? ನಿನ್ನ ಕೆಲಸ ನೀ ಮಾಡ್ಕೋ ಹೋಗು, ನಮಗ ಆಡಾಕ ಬಿಡು."

ಒಂದು ಹಿಂದಿ ಪದವಿಲ್ಲ. ಒಂದು ಇಂಗ್ಲಿಷ್ ಪದವಿಲ್ಲ. ಹೆತ್ತ ಮೇಲೆ ಅವಳು ನನಗೆಂದೇ ಆಡಿದ ಮೊದಲ ಪೂರ್ತಿ ಕನ್ನಡದ ಮಾತು. ಅದಕ್ಕೆ ಏನು ಹೇಳಿದರೂ ಕಡಿಮೆ ಎನ್ನಿಸುವಷ್ಟು ಹಿಗ್ಗಿಹೋಗಿ, ಅವಳ ತಲೆ ಸವರಿ, ತುಂಬಿದ ಮನಸ್ಸಿನಿಂದ ನಾನು ಹೇಳಿದೆ: "ಅಚ್ಛಾ ಬೇಟಾ, ಠೀಕ್ ಹೈ, ಜಾ ರಹೀ ಹೂಂ."

ಫೋನಿನಿಂದ ಅತ್ತೆಯವರು ಕೇಳಿದರು: "ಯಾರವ್ವಾ ಅಕಿ ಹಿಂದಿ ಮಾತಾಡಾಕಿ? ಬಾಜೂ ಮನಿಯಾಕಿ ಬಂದಾಳೇನು?"

"ಹೂಂ ಅಜ್ಜಿ," ಎಂದಳು ನನ್ನ ಮಗಳು, ಆನೆಯನ್ನು ಎಡಕ್ಕೆ ತಿರುಗಿಸುತ್ತ, "ಈಗ ಹೊಂಟ್ಲು."